ಕಬಡ್ಡಿಗೆ ಥಿಯರಿ ಸೇರಿಸಿದ್ದು

ಸಿಟ್ಟು ಬಂದರೆ ಮೈದಾನದಲ್ಲಿ ಎರಡು ಸುತ್ತು ಓಡಿ, ತಾನಾಗಿ ಇಳಿಯುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನೇ. ಆ ವರ್ಷ ನನಗೆ ಬಂದ ಸಿಟ್ಟಿಗೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಓಡಿ ವಾಪಸ್ ಬಂದಿದ್ದರೂ ಸಾಲುತ್ತಿರಲಿಲ್ಲ. ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರು. ವಾರಕ್ಕೆ ಎರಡೇ ಪೀರಿಯಡ್ಡು. ಅದನ್ನೂ ಲೆಕ್ಕದ ಮೇಷ್ಟ್ರು, ಪಾಠ ಮುಗಿದಿಲ್ಲವೆಂದು, ಊರಬಾವಿಯ ನೀರಿನಂತೆ ಬೇಕಾದಾಗ ಬಂದು ಸೇದಿಕೊಂಡು ಹೋಗುತ್ತಿದ್ದರು.

ಸಾಲದ್ದಕ್ಕೆ ಹೆಡ್‌ಮಾಸ್ಟರು ಒಂದು ದಿನ ಕರೆದರು. "ಕುಂತ್ಕಳ್ರಿ ಮೇಷ್ಟ್ರೆ. ಇನ್ಮೇಲೆ ಆಟದ ಜೊತಿಗೆ ಥಿಯರೀನೂ ಐತೆ. ಒಂದು ಪೀರಿಯಡ್ಡು ಬಯಲಿಗೆ ಹೋಗಂಗಿಲ್ಲ, ಬೋರ್ಡಿನ ಮುಂದೆ."

"ಸಾರ್, ಉದ್ದಜಿಗಿತಾನ ಬೋರ್ಡಿನ ಮೇಲೆ ಹೆಂಗೆ ಜಿಗಿಸ್ಲಿ?"

"ಅದು ನಿಮ್ಮ ತಲೆನೋವು. ಹಿರಿಯೂರಿನ ಕಬಡ್ಡಿ ಪಂದ್ಯ ಗೆದ್ದು ಬರ್ರಿ, ಎರಡೂ ಪೀರಿಯಡ್ಡು ಬಯಲಲ್ಲೇ ಇರ್ರಿ. ನಾನು ಕೇಳಲ್ಲ."

ಮೈಯೆಲ್ಲ ಉರಿದುಹೋಯಿತು. ಬೀಜಗಣಿತಕ್ಕೆ ಯಾರಾದರೂ ಓಟ ಸೇರಿಸುತ್ತಾರೆಯೇ? ಮುದ್ದೆ ತಿರುವುವುದನ್ನು ನನ್ನ ಹೆಂಡತಿ ಯಾವ ಬೋರ್ಡು ನೋಡಿ ಕಲಿತಳು? ಆದರೂ ಹಟಕ್ಕೆ ಬಿದ್ದೆ. ಥಿಯರಿ ತಾನೇ, ಬಯಲಲ್ಲೇ ಬೆರೆಸಿ ಕುಡಿಸುತ್ತೇನೆ ಎಂದು ಒಂದು ಉಪಾಯ ಹೂಡಿದೆ. ಆಡುವಾಗ ಯಾರಾದರೂ ತಪ್ಪು ಮಾಡಿದರೆ, ಕಂಡವನು ನಿಂತಲ್ಲೇ ನಿಂತು, ಕೈ ಕಟ್ಟಿ, ಆ ನಿಯಮವನ್ನು ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ಬಸ್ಕಿ. ತಿಂಗಳೊಪ್ಪತ್ತಿನಲ್ಲಿ ನಿಯಮಗಳೆಲ್ಲ ಮಗ್ಗಿಯ ಹಾಗೆ ಹುಡುಗರ ಬಾಯಿಗೆ ಬಂದವು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹಿರಿಯೂರಿನಲ್ಲಿ ನಮ್ಮೆದುರು ಹೊಸದುರ್ಗದ ಕಡೆಯ ತಂಡ. ಅಂಕ ಸರಿಸಮ, ಉಳಿದದ್ದು ನಮ್ಮದೇ ಕೊನೆಯ ದಾಳಿ. ಬಿ.ದುರ್ಗದ ಹುಡುಗ ತಿಪ್ಪೇಸ್ವಾಮಿ, ಎತ್ತಿನಂಥ ಮೈಕಟ್ಟು, "ಕಬಡ್ಡಿ ಕಬಡ್ಡಿ" ಎನ್ನುತ್ತಾ ನುಗ್ಗಿ ಒಬ್ಬನನ್ನು ಮುಟ್ಟಿ ತಿರುಗಿದ. ನಡುಗೆರೆ ಇನ್ನೊಂದೇ ಮಾರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅವನ ಚಡ್ಡಿ ಹಿಡಿದ. ಎಳೆದುಕೊಂಡೇ ಬರಬಹುದಿತ್ತಲ್ಲಾ! ಚಡ್ಡಿ ಹೋದರೆ ಹೋಗಲಿ, ನನ್ನ ಬಯಲು ಉಳಿಯುತ್ತಿತ್ತು. ಆದರೆ ತಿಪ್ಪೇಸ್ವಾಮಿ ಟಕ್ಕನೆ ನಿಂತ. ಕೈ ಕಟ್ಟಿದ. "ದಾಳಿಕಾರನ ಬಟ್ಟೆಯನ್ನು ಹಿಡಿಯತಕ್ಕದ್ದಲ್ಲ!" ಎಂದು ರೆಫರಿಗೆ ಒಪ್ಪಿಸಿದ. ಈಚೆಯಿಂದ ನಮ್ಮ ಉಳಿದ ಹುಡುಗರೂ ಕೈ ಕಟ್ಟಿ ಅದನ್ನೇ ಕೂಗಿದರು.

ರೆಫರಿ ಸೀಟಿ ಊದಿದರು. "ಚಡ್ಡಿ ಹಿಡಿದಿದ್ದು ನಾನು ನೋಡ್ಲಿಲ್ಲ. ನೀನು ಕಬಡ್ಡಿ ಅನ್ನಾದು ಬಿಟ್ಟಿದ್ದು ಊರಿಗೇ ಕೇಳೈತೆ. ಔಟ್, ನಡಿಯಪ್ಪ."

ಪಂದ್ಯ ಹೋಯಿತು. "ಲೇ, ಯಾಕೋ ನಿಂತೆ?" ಎಂದು ಅರಚಿದೆ.

"ನೀವೇ ಹೇಳಿದ್ರಲ್ಲ ಸಾರ್, ನಿಂತು ಹೇಳ್ದಿದ್ರೆ ಬಸ್ಕಿ ಅಂತ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಡ್‌ಮಾಸ್ಟರಿಗೆಂದು ಮಾತು ಮಸೆದೆ. ನಿಮ್ಮ ಥಿಯರಿಯೇ ನಮ್ಮ ಪಂದ್ಯ ತಿಂದಿತು, ಬೇಕಾದರೆ ಬರೆದುಕೊಡುತ್ತೇನೆ ಎಂದು ಹೇಳಿಯೇ ಬಿಡುವುದೆಂದುಕೊಂಡೆ. ಮರುದಿನ ನಾನು ಬಾಯಿ ತೆರೆಯುವ ಮೊದಲೇ ಅವರು ಎಲ್ಲ ಮೇಷ್ಟ್ರುಗಳ ಎದುರು ಶುರುಮಾಡಿದರು. "ಸೋತ್ರೆ ಸೋಲ್ಲಿ ಬಿಡ್ರಿ! ಅಷ್ಟು ಜನರ ಮುಂದೆ ಹುಡುಗರು ನಿಯಮ ಒಪ್ಪಿಸಿದ್ರಂತೆ, ಒಂದಕ್ಷರ ತಪ್ಪಿಲ್ಲವಂತೆ. ಪಾಠ ಅಂದ್ರೆ ಇದು. ಲೆಕ್ಕದ ಮೇಷ್ಟ್ರೆ, ಇವರನ್ನ ನೋಡಿ ಸ್ವಲ್ಪ ಕಲೀರಿ."

ಲೆಕ್ಕದ ಮೇಷ್ಟ್ರ ಮುಖ ಹುಳ್ಳಗಾಯಿತು. ಎಷ್ಟು ವರ್ಷದಿಂದ ಕಾದಿದ್ದೆ ಆ ಮುಖಕ್ಕೆ!

"ಉಳಿದ ಪೀರಿಯಡ್ಡೂ ಥಿಯರಿಗೇ ಹಾಕಾಣ?" ಎಂದರು ಹೆಡ್‌ಮಾಸ್ಟರು.

ನಾನು ನಿಂತಲ್ಲೇ ನಿಂತು, ಕೈ ಕಟ್ಟಿ, ಗಟ್ಟಿಯಾಗಿ "ಹಾಕ್ರಿ ಸಾರ್" ಎಂದೆ.