ನಳದ ಕಛೇರಿ

ಕೊಟ್ಟೂರಿನ ಗರಡಿಮನೆ ಓಣಿಯಲ್ಲಿ ನೀರು ಬರುವ ಮುಂಚೆ ನಳ ಉಸಿರಾಡುತ್ತದೆ. ಮೊದಲು ಒಂದೆರಡು ಸಲ ಕೆಮ್ಮುತ್ತದೆ, ಆಮೇಲೆ ಉಬ್ಬಸದವರ ಹಾಗೆ ಎಳೆಯುತ್ತದೆ, ಕೊನೆಗೆ ಸುಂಯ್ ಎಂದು ಉದ್ದಕ್ಕೆ ಗಾಳಿ ಬಿಡುತ್ತದೆ. ಆ ಸುಂಯ್ ಕಿವಿಗೆ ಬಿದ್ದರೆ ಸಾಕು, ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೆ, ಬಾಯೊಳಗಿನ ಮಾತು ಬಾಯೊಳಗೆ. ಹೆಂಗಸರೆಲ್ಲ ಕೊಡ ಹಿಡಿದು ಮನೆಮುಂದಿನ ನಳದ ಗುಂಡಿಗೆ ಇಳಿದಿರುತ್ತಾರೆ. ವಾರಕ್ಕೊಮ್ಮೆ ಬರುವ ನೀರು, ಅದೂ ಅದಕ್ಕೆ ಮನಸ್ಸಾದರೆ. ಹಾಗಾಗಿ ಆ ಓಣಿಯವರು ನಳವನ್ನು ಯಾವತ್ತೂ ಬಂದ್ ಮಾಡುವುದಿಲ್ಲ. ಬಂದ್ ಮಾಡಿದರೆ ಉಸಿರು ಕೇಳಿಸುವುದಾದರೂ ಹೇಗೆ?

ಈ ಉಸಿರನ್ನು ಮೈಲಾರೇಶ ರೆಕಾರ್ಡ್ ಮಾಡಿಕೊಂಡಿದ್ದೇ ತಪ್ಪಾಯಿತು.

ಮೈಲಾರೇಶ ಓಬಳೇಶಪ್ಪನ ಒಬ್ಬನೇ ಮಗ. ಏನು ಕೆಲಸ ಎಂದು ಕೇಳಿದವರಿಗೆ ಅವನು ‘ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತಗಾರ’ ಎನ್ನುತ್ತಿದ್ದ. ತಾಯಿ ತಿಪ್ಪೇರುದ್ರಮ್ಮ ‘ಕಂಪ್ಯೂಟರ್ ಕೆಲ್ಸ’ ಎನ್ನುತ್ತಿದ್ದಳು. ತಂದೆ ಏನೂ ಅನ್ನದೆ ಎದ್ದು ಹೊರಗೆ ಹೋಗುತ್ತಿದ್ದ. ಇಂಟರ್‌ನೆಟ್ಟಿನಲ್ಲಿ ಅವನ ಹೆಸರು ‘ಮೈಲಾರ್ ನಾಯ್ಸ್’. ಆ ಹೆಸರಿನ ಎರಡನೆಯ ಪದವನ್ನು ಓಣಿಯವರು ಪೂರ್ತಿ ಒಪ್ಪಿದ್ದರು.

ಅವನ ವೃತ್ತಿಜೀವನ ಇಲ್ಲಿಯವರೆಗೆ ಹೂವಿನ ಹಾಸಿಗೆಯಾಗಿರಲಿಲ್ಲ. ಮಾವನ ಮಗಳ ಮದುವೆಯಲ್ಲಿ ಮುದುಕಿಯರ ಸೋಬಾನೆ ಪದವನ್ನು ರೀಮಿಕ್ಸ್ ಮಾಡಿ ಊಟದ ಹೊತ್ತಿಗೆ ಹಾಕಿದ್ದ. ದನಿಗಳನ್ನು ನಿಧಾನ ಮಾಡಿ, ಹಿಂದುಮುಂದು ಮಾಡಿ, ನಡುವೆ ಹಿಟ್ಟಿನ ಗಿರಣಿ ಸೇರಿಸಿದ್ದ. ಬೀಗರು ಹೋಳಿಗೆ ಬಿಟ್ಟು ಎದ್ದು, ಹುಡುಗಿಗೆ ಯಾರಾದರೂ ಮಾಟ ಮಾಡಿಸಿದ್ದಾರೋ ಹೇಗೆ ಎಂದು ವಿಚಾರಿಸಿದರು. ಗಣಪತಿ ಮುಂದೆ ಹಾಡು ಹಾಕು ಎಂದು ಕರೆದವರಿಗೆ ಎಮ್ಮೆ ಮೆಲುಕು ಹಾಕುವ ಶಬ್ದ ಕೇಳಿಸಿದ. ಎಮ್ಮೆ ಎರಡನೇ ಮೆಲುಕಿಗೆ ಬರುವಷ್ಟರಲ್ಲಿ ಹುಡುಗರು ವೈರು ಕಿತ್ತರು. ಅವನ ಸಂಗೀತವನ್ನು ತಪ್ಪದೆ ಕೇಳುವವನು ಜಗತ್ತಿನಲ್ಲಿ ಒಬ್ಬನಿದ್ದ, ಫಿನ್ಲೆಂಡಿನವ. ಅವನದೂ ಈಚೆಗೆ ಸುದ್ದಿ ಇರಲಿಲ್ಲ.

ಇಂಥವನಿಗೆ ಬೆಂಗಳೂರಿನ ಹೊಸ ಸಂಗೀತದ ಉತ್ಸವವೊಂದರಿಂದ ಕರೆಯೋಲೆ ಬಂದಿತ್ತು. ಶನಿವಾರ ಸಂಜೆ ಆನ್‌ಲೈನಿನಲ್ಲಿ ನುಡಿಸಿ ತೋರಿಸಬೇಕು. ಒಂದೇ ಷರತ್ತು: ಎದುರಿಗೆ ಜನ ಕೂತಿರಬೇಕು, ಮುಗಿಯುವ ತನಕ ಯಾರೂ ಎದ್ದು ಹೋಗಬಾರದು. ಸಾಮಾನ್ಯ ಜನ ಈ ಸಂಗೀತವನ್ನು ಕೂತು ಕೇಳುತ್ತಾರೋ ಇಲ್ಲವೋ ಎಂದು ಆಯ್ಕೆ ಸಮಿತಿಗೆ ನೋಡಬೇಕಿತ್ತು. ಅದನ್ನು ಓದಿದಂದಿನಿಂದ ಮೈಲಾರೇಶನಿಗೆ ಅನ್ನ ಸೇರುತ್ತಿರಲಿಲ್ಲ. ಓಬಳೇಶಪ್ಪನೂ ತನ್ನ ತೀರ್ಮಾನ ಹೇಳಿಬಿಟ್ಟಿದ್ದ.

“ಈ ಸಲ ಆದ್ರ ಆತು. ಇಲ್ಲಂದ್ರ ಸೋಮವಾರ ಮುಂಜಾನಿ ಹರಪನಹಳ್ಳಿ ಬಸ್ಸು. ನಿಮ್ಮ ಮಾವನ ಕಾಳಿನ ಮಂಡಿಯಾಗ ಮೆಕ್ಕಿಜ್ವಾಳದ ಚೀಲ ಹೊಲಿಯಾಕ ಒಬ್ಬ ಮನಷ್ಯ ಬೇಕಾಗ್ಯಾನ. ಅಲ್ಲೂ ಶಬ್ದ ಬರ್ತೈತಿ, ಕೇಳ್ಕೊಂತ ಕುಂದ್ರು.”

ಶನಿವಾರ ಬೆಳಿಗ್ಗೆ ಮೈಲಾರೇಶ ಬಾಡಿಗೆಗೆ ತಂದ ಆಳೆತ್ತರದ ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸಿದ. ಇಡೀ ತುಣುಕಿನ ಜೀವಾಳ ನಳದ ಉಸಿರು. ಅದೊಂದನ್ನು ಪರೀಕ್ಷೆ ಮಾಡೋಣ ಎಂದು ಗುಂಡಿ ಒತ್ತಿ, ಕಣ್ಣು ಮುಚ್ಚಿ ಕೂತ.

ಸುಂಯ್!

ಓಣಿ ಎದ್ದಿತು. ಬಾಗಿಲುಗಳು ದಡಾರೆಂದವು. ಪಕ್ಕದ ಮನೆಯ ಕೆಂಚಕ್ಕ ಅರ್ಧ ತಲೆ ಬಾಚಿಕೊಂಡವಳು ಹಣಿಗೆ ಕೂದಲಲ್ಲೇ ಬಿಟ್ಟು ಗುಂಡಿಗೆ ಹಾರಿದಳು. ಇಪ್ಪತ್ತು ಮನೆಯ ಕೊಡಗಳು ಇಪ್ಪತ್ತು ನಳಗಳ ಕೆಳಗೆ ಬಾಯಿ ತೆರೆದು ಕೂತವು. ಉಸಿರು ಬಂತು, ಬರುತ್ತಲೇ ಇತ್ತು, ನೀರು ಮಾತ್ರ ಬರಲಿಲ್ಲ.

“ಗಾಳಿ ಇಷ್ಟ್ ಜೋರೈತಿ, ನೀರೆಲ್ಲಿ ಹೋತು?” ಎಂದಳು ಕೆಂಚಕ್ಕ.

ಎಲ್ಲರ ಕಣ್ಣೂ ಓಣಿಯ ತುದಿಯಲ್ಲಿದ್ದ ಗುರುಬಸವರಾಜನ ಮನೆಯತ್ತ ತಿರುಗಿದವು. ಆತ ಪೈಪಿಗೇ ಮೋಟರ್ ಹಚ್ಚಿ ನೀರೆಳೆಯುತ್ತಾನೆ ಎಂಬ ಗುಮಾನಿ ಮೊದಲಿನಿಂದ ಇತ್ತು.

“ನಾ ಇನ್ನೂ ಹಲ್ಲುಜ್ಜಾಕತ್ತೀನ್ರೀ!” ಎಂದು ಗುರುಬಸವರಾಜ ನೊರೆ ತುಂಬಿದ ಬಾಯಲ್ಲೇ ಆಣೆ ಮಾಡಿದ. ಯಾರೂ ನಂಬಲಿಲ್ಲ. ನೀರು ಬಿಡುವ ಇಶ್ತಿಯಾಕನನ್ನು ಎಳೆದು ತಂದರು. ವಾಲ್ವಿನ ಉದ್ದನೆಯ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡೇ ಆತ ಬಂದ.

“ಅಕ್ಕಾರ, ಖುದಾಕಸಂ, ನಾನು ವಾಲ್ ಮುಟ್ಟೇ ಇಲ್ರಿ. ಇವತ್ತು ಆ ಕಡಿ ಓಣಿದು ಪಾಳಿ.”

“ಮುಟ್ಟಿಲ್ಲಂದ್ರ ನಳ ಹೆಂಗ ಉಸಿರು ಬಿಡ್ತೈತಪ? ನಾವೇನ್ ಕಿವುಡ್ರಾ?” ಎಂದ ಕೆಂಚಕ್ಕ ಅಲ್ಲೇ ಸೊಂಟದಿಂದ ಫೋನ್ ತೆಗೆದು ವಾರ್ಡ್ ಮೆಂಬರಿಗೆ ಹಚ್ಚಿದಳು. “ಸಾಹೇಬ್ರ, ನಮ್ಮ ಓಣಿ ಅಂದ್ರ ಏನ್ ತಿಳ್ಕೊಂಡೀರಿ? ಗಾಳಿ ಕುಡುದು ಬದುಕೋಣೇನು? ಓಟಿಗೆ ಬರ್ರಿ, ಆವಾಗ ಹೇಳ್ತೀವಿ!”

ಒಳಗೆ ಮೈಲಾರೇಶ ಬೆವರಿನಲ್ಲಿ ತೊಯ್ದು ಹೋಗಿದ್ದ. ಉಸಿರನ್ನು ನಿಲ್ಲಿಸಬೇಕು, ಆದರೆ ಲ್ಯಾಪ್‌ಟಾಪ್ ಅದೇ ಹೊತ್ತಿಗೆ ಸೆಟೆದು ನಿಂತಿತ್ತು. ಮೌಸಿನ ಬಾಣ ಅಲ್ಲಾಡಲಿಲ್ಲ. ಗಾಬರಿಯಲ್ಲಿ ಪ್ಲಗ್ಗು ಕೀಳುವುದು ಹೊಳೆಯಲಿಲ್ಲ. ಅವನು ಸ್ಪೀಕರಿನ ಮೇಲೆ ಕೌದಿ ಹೊದಿಸಿದ, ಅದರ ಮೇಲೆ ದಿಂಬಿಟ್ಟ, ಕೊನೆಗೆ ಅದನ್ನು ನೆಲಕ್ಕೆ ಕೆಡವಿ ತಾನೇ ಅದರ ಮೇಲೆ ಮಲಗಿದ. ಕೆಂಚಕ್ಕ ಶಬ್ದದ ಜಾಡು ಹಿಡಿದು ಬಾಗಿಲು ತಳ್ಳಿದಾಗ ಅವನು ಜ್ವರ ಬಂದ ಎಮ್ಮೆಕರುವನ್ನು ತಬ್ಬಿದವನ ಹಾಗೆ ಸ್ಪೀಕರನ್ನು ತಬ್ಬಿಕೊಂಡಿದ್ದ. ಕೌದಿಯೊಳಗಿಂದ ನಳ ಇನ್ನೂ ಉಸಿರಾಡುತ್ತಿತ್ತು.

“ಎಲಾ ಮೈಲಾರಿ!” ಎಂದಳು ಕೆಂಚಕ್ಕ. “ನಿನ್ನ ಡಬ್ಬ್ಯಾಗ ಐತೇನೋ ನಮ್ಮ ನಳ?”

ಮುಂದಿನ ಹೊತ್ತು ಹೇಳತೀರದು. ಗುರುಬಸವರಾಜ, ನನ್ನನ್ನು ಕಳ್ಳನೆಂದವರ ಮುಖ ಇನ್ನು ನೋಡುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡ. ಇಶ್ತಿಯಾಕ ಚಾವಿ ಹೊತ್ತು ಗೊಣಗುತ್ತ ಹೋದ. ಹೆಂಗಸರು ಮೈಲಾರೇಶನ ಸ್ಪೀಕರನ್ನು ಗುಂಡಿಗೆ ಹಾಕುವುದೋ ಮೈಲಾರೇಶನನ್ನೋ ಎಂದು ಚರ್ಚಿಸುತ್ತಿದ್ದರು. ಅವನಿಗೆ ಹೆದರಿಕೆಯಾದದ್ದು ಏಟಿಗಲ್ಲ. ಸಂಜೆ ಎದುರಿಗೆ ಕೂರಬೇಕಾದವರು ಇವರೇ. ಇವರು ಬರದಿದ್ದರೆ ಸೋಮವಾರ, ಬಸ್ಸು, ಚೀಲ, ಸೂಜಿ.

ಅವನ ಮುಖ ನೋಡಿ ತಿಪ್ಪೇರುದ್ರಮ್ಮನ ಕರುಳು ಚುರ್ರೆಂದಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಆಗಿದ್ದಾತು, ಹೊಟ್ಟ್ಯಾಗ ಹಾಕ್ಕೊಳ್ರವಾ. ಹುಡುಗನ ಬದುಕಿನ ಪ್ರಶ್ನಿ ಐತಿ. ಸಂಜಿಗಿ ಎಲ್ಲಾರೂ ಬಂದು ಅರ್ಧ ತಾಸು ಸುಮ್ಮನ ಕುಂದರ್ರಿ. ಮಂಡಕ್ಕಿ ಮೆಣಸಿನಕಾಯಿ ಮಾಡ್ತೀನಿ.”

ಚರ್ಚೆ ನಿಂತಿತು. ಕೊಟ್ಟೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಮಾತು ಬಂದ ಮೇಲೆ ಹಗೆ ಸಾಧಿಸುವವರು ಕಡಿಮೆ.

“ಎಷ್ಟ್ ಮೆಣಸಿನಕಾಯಿ?” ಎಂದಳು ಕೆಂಚಕ್ಕ.

“ಸಾಕನ್ನೋತನ.”

ಸಂಜೆ ಪಡಸಾಲೆ ಕಿಕ್ಕಿರಿಯಿತು. ಬೀದಿಯ ಗದ್ದಲ ಬರದಿರಲೆಂದು ಮೈಲಾರೇಶ ಬಾಗಿಲು ಕಿಟಕಿಗಳನ್ನೆಲ್ಲ ಹಾಕಿಸಿದ. ಗುರುಬಸವರಾಜ ಒಬ್ಬನನ್ನು ಬಿಟ್ಟು ಇಡೀ ಓಣಿ ಅಲ್ಲಿತ್ತು. ಓಬಳೇಶಪ್ಪ ಕೂಡ ಹಿಂದಿನ ಕಂಬಕ್ಕೆ ಒರಗಿ, ನ್ಯಾಯ ಹೇಳಲು ಬಂದ ಪಂಚರಂತೆ ಕೂತಿದ್ದ. ಮೈಲಾರೇಶ ಎಲ್ಲರ ಮುಂದೆ ಬಂದು ನಿಂತ.

“ಅಕ್ಕಾರ, ಕೈ ಮುಗೀತೀನಿ. ನಡುವ ನಳದ ಶಬ್ದ ಬರ್ತೈತ್ರಿ. ಅದು ನನ್ನ ಮಿಷನ್ನಿಂದು, ನಿಮ್ಮ ನಳದ್ದಲ್ಲ. ಯಾರೂ ಏಳಬ್ಯಾಡ್ರಿ. ಒಬ್ರು ಎದ್ರೂ ನನ್ನ ಕತಿ ಮುಗೀತು. ನಾನು ‘ಮುಗೀತು’ ಅನ್ನೋಮಟ ಕುಂತಲ್ಲಿಂದ ಹಂದಂಗಿಲ್ಲ. ಉಚ್ಚಂಗೆಮ್ಮನ ಆಣಿ ಮಾಡ್ರಿ.”

ಬೆಳಗಿನ ಅವಮಾನ ಇನ್ನೂ ಮಾಸದ ಹೆಂಗಸರು ಒಕ್ಕೊರಲಿನಿಂದ ಆಣೆ ಮಾಡಿದರು. “ಒಮ್ಮಿ ಬೇಸ್ತು ಬಿದ್ದೀವಿ, ಮತ್ತ ಬೀಳ್ತೀವೇನು?” ಎಂದಳು ಕೆಂಚಕ್ಕ.

ಪಕ್ಕದಲ್ಲಿ ನಿಲ್ಲಿಸಿದ್ದ ಫೋನಿನ ಪರದೆಯ ಮೇಲೆ ಬೆಂಗಳೂರಿನ ಆಯ್ಕೆ ಸಮಿತಿಯ ಮೇಡಂ ಕಾಣಿಸಿಕೊಂಡರು. ದಪ್ಪ ಫ್ರೇಮಿನ ಕನ್ನಡಕ, ಮುಖದ ಮೇಲೆ ಬೇಜಾರು. “ಶುರು ಮಾಡಿ. ಕ್ಯಾಮರಾ ಜನರ ಕಡೆಗೂ ಇರಲಿ.”

ಮೈಲಾರೇಶ ಶುರು ಮಾಡಿದ. ಗಿರಣಿ ಬಡಿದುಕೊಂಡಿತು, ಕುರಿಗಳ ಕೊರಳ ಗಂಟೆ ತಲೆಕೆಳಗಾಗಿ ನುಡಿಯಿತು, ಯಾವುದೋ ಬಸ್ಸಿನ ಕಂಡಕ್ಟರು ನೀರಿನೊಳಗಿಂದ ಸೀಟಿ ಊದಿದ. ಜನ ಮಿಸುಕಲಿಲ್ಲ. ಮೇಡಂ ಆಕಳಿಸಿದರು. ಆ ಆಕಳಿಕೆ ಮೈಲಾರೇಶನ ಎದೆಗೆ ಚೂರಿಯಂತೆ ನಾಟಿತು. ಕೊನೆಗೆ ನಳ ಬಂತು: ಕೆಮ್ಮು, ಎಳೆತ, ಸುಂಯ್. ಹೆಂಗಸರ ಕೈಗಳು ತಾವಾಗಿಯೇ ಮೊಣಕಾಲಿನ ಮೇಲೆ ಊರಿದವು. ಅಷ್ಟೇ. ಆಣೆ ಆಣೆಯೇ. ಮೇಡಂ ಗಡಿಯಾರ ನೋಡಿಕೊಂಡರು.

ತುಣುಕು ಮುಗಿಯಿತು. ಮೈಲಾರೇಶ ಸೋತ ಮುಖದಿಂದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಸುಂಯ್ ನಿಲ್ಲಲಿಲ್ಲ.

ಸ್ಪೀಕರಿನ ಕಿವಿ ತಿರುವಿದ. ನಿಲ್ಲಲಿಲ್ಲ. ಬೆಳಗಿನ ಹಾಗೇ ಮತ್ತೆ ಕೈಕೊಟ್ಟಿತೆಂದು ಮೆಲ್ಲಗೆ ಬಗ್ಗಿ ಪ್ಲಗ್ಗನ್ನೇ ಕಿತ್ತ. ಪ್ಲಗ್ಗು ಅವನ ಕೈಯಲ್ಲಿತ್ತು, ಶಬ್ದ ಮಾತ್ರ ಇನ್ನೂ ಜೋರಾಯಿತು. ಅದು ಬಚ್ಚಲಿನ ಕಡೆಯಿಂದ ಬರುತ್ತಿತ್ತು, ಬೀದಿಯಿಂದ ಬರುತ್ತಿತ್ತು, ಇಪ್ಪತ್ತು ನಳಗಳಿಂದ ಒಟ್ಟಿಗೆ ಬರುತ್ತಿತ್ತು. ಉಸಿರು ತೆಳುವಾಗಿ, ಅದರೊಳಗೆ ಗಳಗಳ ಸೇರಿಕೊಂಡಿತು.

ನಿಜವಾದ ನೀರು!

ಹೇಳಬೇಕು, ಈಗಲೇ ಹೇಳಬೇಕು. ಮೈಲಾರೇಶ ಬಾಯಿ ತೆರೆದ. ಆಗ ಪರದೆ ಕಾಣಿಸಿತು. ಮೇಡಂ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದರು. ಹಿಂದೆ ಕಂಬಕ್ಕೆ ಒರಗಿದ್ದ ಅಪ್ಪ, ಹುಟ್ಟಿದಂದಿನಿಂದ ಮಗನ ಒಂದು ಶಬ್ದವನ್ನೂ ಕೇಳದ ಅಪ್ಪ, ಮೆಲ್ಲಗೆ ತಲೆದೂಗುತ್ತಿದ್ದ. ಹೆಂಗಸರ ಮುಖಗಳಲ್ಲಿ ಜಾತ್ರೆಯ ರಾತ್ರಿ ಬಯಲಾಟ ನೋಡುವಾಗಿನ ಬೆರಗಿತ್ತು. ‘ಮುಗೀತು’ ಎನ್ನುವ ಒಂದು ಮಾತಿಗೆ ಇದೆಲ್ಲ ಮುಗಿದುಹೋಗುತ್ತಿತ್ತು.

ಕೆಂಚಕ್ಕ ಮಾತ್ರ ಮೂಗರಳಿಸಿ ಅರ್ಧ ಎದ್ದಳು. “ಯವ್ವಾ, ಇದ್ಯಾಕೋ ಖರೇನ ನೀರು ಬಂದಂಗ...”

ಪಕ್ಕದವಳು ಸೆರಗು ಹಿಡಿದು ಜಗ್ಗಿದಳು. “ಕುಂದ್ರಬೇ! ಆಣಿ ಮಾಡೀವಿ. ಹುಡುಗ ಭಾಳ ಚಲೋ ಮಾಡ್ಯಾನ, ಶಬ್ದಕ್ಕೂ ನೀರಿನ ವಾಸನಿ ಹಚ್ಯಾನ.”

ಒಂದೇ ನಿಮಿಷ, ಎಂದುಕೊಂಡ ಮೈಲಾರೇಶ. ಒಂದೇ ನಿಮಿಷ ಕೇಳಲಿ, ಆಮೇಲೆ ಹೇಳಿಬಿಡುತ್ತೇನೆ. ಆ ನಿಮಿಷ ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಅವನು ಕತ್ತಲಾದ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸುತ್ತಲೇ ಇದ್ದ, ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಗಳಗಳ ತುಂಬಿ ಬಂದು, ಹರಿದು, ಹೊತ್ತು ಕಳೆದಂತೆ ಸಣ್ಣಗಾಗಿ, ಕೊನೆಗೊಮ್ಮೆ ಗೊರ್ ಎಂದು ಸದ್ದು ಮಾಡಿ ನಿಂತಿತು.

“ಮುಗೀತು,” ಎಂದ ಮೈಲಾರೇಶ.

ಪಡಸಾಲೆ ಚಪ್ಪಾಳೆಯಿಂದ ತುಂಬಿತು. ಓಬಳೇಶಪ್ಪ ಕಣ್ಣೊರೆಸಿಕೊಂಡು, “ಕೊನಿದು ಚಲೋ ಇತ್ತಲೇ, ಎದಿ ತಂಪಾತು,” ಎಂದ. ಅಪ್ಪನ ಬಾಯಿಂದ ಆ ಮಾತು ಕೇಳಿ ಮೈಲಾರೇಶನಿಗೆ ಅಳು ಬಂತು. ಪರದೆಯ ಮೇಲೆ ಮೇಡಂ ಎದ್ದು ನಿಂತಿದ್ದರು.

“ಮೈಲಾರೇಶ್, ಅದ್ಭುತ! ಮೊದಲ ಭಾಗ ಏನೂ ಇಲ್ಲ, ಬಿಟ್ಟಾಕಿ. ಆದರೆ ನೀವು ಎಲ್ಲ ಆಫ್ ಮಾಡಿದ ಮೇಲೆ ಬಂತಲ್ಲ, ಅದು! ಇಪ್ಪತ್ತು ಕಡೆಯಿಂದ ಬಂದ ಹಾಗಿತ್ತು. ನನ್ನ ಮಟ್ಟಿಗೆ ನೀವು ಆಯ್ಕೆ ಆದ್ರಿ. ಸಮಿತಿಯ ಉಳಿದವರೂ ಈಗ ಬಂದರು, ಅವರೂ ಒಪ್ಪಬೇಕು. ಆ ಕೊನೆಯ ಭಾಗ ಮಾತ್ರ ಇನ್ನೊಮ್ಮೆ ನುಡಿಸಿ.”

ಪರದೆಯ ಮೇಲೆ ಮತ್ತೆ ನಾಲ್ಕು ಮುಖ ಮೂಡಿದವು. ಅದೇ ಹೊತ್ತಿಗೆ ಬೀದಿಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಇಶ್ತಿಯಾಕ ನಿಂತಿದ್ದ, ಹೆಗಲ ಮೇಲೆ ಚಾವಿ, ಮುಖದ ಮೇಲೆ ಬೆಳಗಿನ ಮುನಿಸು ಮರೆತ ನಗು.

“ನೋಡ್ರಿ ಕೆಂಚಕ್ಕ, ನೀವು ಮೆಂಬರಿಗಿ ಫೋನ್ ಹಚ್ಚಿದ್ರಲ್ಲ, ಅವರು ನನ್ನ ಜೀವ ತಿಂದ್ರು. ಪಾಳಿ ಇಲ್ದಿದ್ರೂ ನಿಮ್ಮ ಓಣಿಗೆ ಸ್ಪೆಷಲ್ ಬಿಟ್ಟೆ. ಬೇಕಾದಷ್ಟು ಹೊತ್ತು ಬಿಟ್ಟೆ. ಎಲ್ಲಾ ತುಂಬ್ಕೊಂಡ್ರಿಲ್ಲ?”

ಇಶ್ತಿಯಾಕನ ಹಿಂದೆ ಓಣಿ ಕಾಣುತ್ತಿತ್ತು. ಗುಂಡಿಗಳೆಲ್ಲ ತುಂಬಿ ಕೆಸರಾಗಿ, ಚರಂಡಿ ಉಕ್ಕಿ, ಯಾರದೋ ಎಮ್ಮೆ ನಡುಬೀದಿಯಲ್ಲಿ ಮಲಗಿ ಸುಖವಾಗಿ ಉಸಿರು ಬಿಡುತ್ತಿತ್ತು. ತುದಿಯ ಮನೆಯ ಗುರುಬಸವರಾಜ, ಓಣಿಯಲ್ಲಿ ಸಂಗೀತ ಕೇಳದ ಒಬ್ಬನೇ ಒಬ್ಬ ಮನುಷ್ಯ, ತುಂಬಿ ತುಳುಕುವ ತೊಟ್ಟಿಯ ಪಕ್ಕದಲ್ಲಿ ತುಂಬಿದ ಕೊಡವನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಎರಡನೇ ಸಲ ಸ್ನಾನ ಮಾಡುತ್ತಿದ್ದ.

ಕೆಂಚಕ್ಕ ನಿಧಾನವಾಗಿ ತಿರುಗಿ, ಮೈಲಾರೇಶನ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

“ಗೊತ್ತಿತ್ತು ನಿನಗ,” ಎಂದಳು. “ಗೊತ್ತಿದ್ದೂ ಕುಂದ್ರಿಸಿದಿ.” ಆಮೇಲೆ ಓಣಿಗೆಲ್ಲ ಕೇಳುವಂತೆ ಕಿರುಚಿದಳು: “ಇನ್ನೊಮ್ಮಿ ಬರಸು! ಈಗಿಂದೀಗ ಇನ್ನೊಮ್ಮಿ ಬರಸು!”

“ಇನ್ನೊಮ್ಮಿ! ಇನ್ನೊಮ್ಮಿ!” ಎಂದು ಹೆಂಗಸರೆಲ್ಲ ಎದ್ದು ನಿಂತರು.

“ವಾವ್, ನಿಮ್ಮ ಜನರೇ ಕೇಳ್ತಿದಾರೆ!” ಎಂದರು ಮೇಡಂ. “ಹೂಂ, ಒನ್ಸ್ ಮೋರ್!” ಪರದೆಯ ಐದೂ ಮುಖಗಳು ಚಪ್ಪಾಳೆ ತಟ್ಟತೊಡಗಿದವು.

ಮೈಲಾರೇಶ ದೀನನಾಗಿ ಇಶ್ತಿಯಾಕನ ಕಡೆ ನೋಡಿದ. ಇಶ್ತಿಯಾಕ ತಲೆಯಾಡಿಸಿದ. “ನೀರಿನ ಟಾಕಿ ಖಾಲಿ ಐತಪ. ಇನ್ನ ಬರೋ ವಾರನಾ.”

ಮೈಲಾರೇಶ ಪರದೆಗೂ ಕೈ ಮುಗಿದ, ಪಡಸಾಲೆಗೂ ಕೈ ಮುಗಿದ. “ಬರೋ ವಾರ ಬರಬೌದ್ರಿ,” ಎಂದ. “ಅದೂ ಖಾತ್ರಿ ಇಲ್ರಿ.”

ಮೇಡಂ ಚಪ್ಪಾಳೆ ನಿಲ್ಲಿಸಿದರು. “ಕಲಾವಿದರಿಗೆ ಇಷ್ಟು ಅಹಂಕಾರ ಒಳ್ಳೇದಲ್ಲ,” ಎಂದರು. ಪರದೆ ಕಪ್ಪಾಯಿತು.

ಓಬಳೇಶಪ್ಪ ಎದ್ದು ಪಂಚೆ ಕೊಡವಿಕೊಂಡ. “ಸೋಮವಾರಕ್ಕ ಯಾಕ ಕಾಯ್ತಿಲೇ,” ಎಂದ, ಮಗನನ್ನು ಸುತ್ತುಗಟ್ಟುತ್ತಿದ್ದ ಖಾಲಿ ಕೊಡಗಳ ಕಡೆ ನೋಡುತ್ತ. “ಹರಪನಹಳ್ಳಿಗಿ ಇವತ್ತೂ ಒಂದ್ ಬಸ್ಸೈತಿ. ಓಡು.”