ಅತ್ತೆಯವರು ಹೊಗಳಿದ ನೀರು

ಬೈಗುಳಕ್ಕೆ ಒಗ್ಗಿಹೋದವನಿಗೆ ಹೊಗಳಿಕೆ ಜೀರ್ಣವಾಗುವುದಿಲ್ಲ. ಮೈಸೂರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟನಾಗಿದ್ದೆ. ನೀರು ಚೆನ್ನಾಗಿ ಬಂದರೆ ಜನ ಕಾವೇರಿ ತಾಯಿಯನ್ನು ನೆನೆಯುತ್ತಾರೆ. ವಾಸನೆ ಬಂದರೆ ಮಾತ್ರ ನನ್ನನ್ನು. ಮದುವೆಮನೆಯಲ್ಲಿ ಎಲೆ ಮುಂದೆ ಕೂತರೂ ಪಕ್ಕದವರು ನೀರಿನ ಲೋಟವನ್ನು ನನ್ನ ಮೂಗಿಗೆ ಹಿಡಿದು, "ಏನ್ ಸಾರ್ ಇದು?" ಎನ್ನುವರು. ಕ್ರಿಮಿ ಸಾಯಲೆಂದು ಬೆರೆಸುವ ಕ್ಲೋರಿನ್ ನಿಮ್ಮ ನಲ್ಲಿಯವರೆಗೂ ಒಂದಿಷ್ಟು ಉಳಿದಿರಬೇಕು, ಆ ವಾಸನೆಯೇ ಕಾವಲು ಎಂದು ನಾನು ವಿವರಿಸುವಷ್ಟರಲ್ಲಿ ಹೋಳಿಗೆ ಬಡಿಸುವವರು ನನ್ನನ್ನು ದಾಟಿ ಹೋಗಿರುತ್ತಿದ್ದರು.

ಇವರನ್ನೆಲ್ಲ ಮೀರಿಸಿದವರು ನಮ್ಮ ಅತ್ತೆ ಗೌರಮ್ಮನವರು. ಹಿನಕಲ್‌ನಲ್ಲಿ ಬಾವಿ ನೀರು ಕುಡಿದು ಬೆಳೆದವರು, ತೊಂಬತ್ತರ ದಶಕದ ಕೊನೆಗೆ ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದು ನೆಲೆಸಿದರು. ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ ಕಾಫಿ ಲೋಟ ಕೈಗೆತ್ತಿಕೊಂಡರೆಂದರೆ ನನಗೆ ಮಂಗಳಾರತಿ ಶುರು. "ಅಳಿಯಂದ್ರೇ, ಇದು ಕಾಫಿನೋ ಆಸ್ಪತ್ರೆ ಔಷ್ದೀನೋ? ಇದನ್ನ ಮಾಡಕ್ಕೇನಾ ನಿಮಗೆ ಸಂಬಳ ಕೊಡೋದು?" ನನ್ನ ಹೆಂಡತಿ ಸರಿಯಾಗಿ ಆ ಹೊತ್ತಿಗೇ ಒಗ್ಗರಣೆ ಹಾಕಿ, ಆ ಸದ್ದಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆ ಇಡೀ ಲೋಟ ಖಾಲಿ ಮಾಡಿ, "ಇವತ್ತು ನೀರು ಅಮೃತ ಆಗ್ಬುಟ್ಟದೆ ಕಣ್ರಪ್ಪ! ಮಗೂಗೂ ಒಂದು ಲೋಟ ಬರೀ ನೀರೇ ಕುಡಿಸ್ದೆ" ಎಂದರು. ಮಗು ಎಂದರೆ ನನ್ನ ಐದು ವರ್ಷದ ಮಗಳು. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಎದ್ದೆ. ಬ್ಯಾಗಿನಲ್ಲಿದ್ದ ಪರೀಕ್ಷೆಯ ದ್ರಾವಣವನ್ನು ನಲ್ಲಿ ನೀರಿಗೆ ನಾಲ್ಕು ತೊಟ್ಟು ಬಿಟ್ಟೆ. ಕ್ಲೋರಿನ್ ಇದ್ದರೆ ಹಳದಿಯಾಗಬೇಕು. ನೀರು ಅತ್ತೆಯವರ ಅಂದಿನ ಮುಖದಷ್ಟೇ ತಿಳಿಯಾಗಿತ್ತು.

ಎಸ್‌ಟಿಡಿ ಬೂತಿಗೆ ಓಡಿ ನೀರು ಸರಬರಾಜು ಕಚೇರಿಗೆ ಫೋನು ಮಾಡಿದೆ. ಟ್ಯಾಂಕಿನ ಬಳಿ ಕ್ಲೋರಿನ್ ಬೆರೆಸುವ ಯಂತ್ರ ಕೆಟ್ಟು ನಿಂತಿತ್ತು. ಉಟ್ಟ ಲುಂಗಿಯಲ್ಲೇ ಮನೆಮನೆಗೆ ಹೋಗಿ, "ಕಾಯಿಸಿ ಕುಡಿಯಿರಿ" ಎಂದು ಕೂಗಿದೆ. ಎದುರುಮನೆಯ ಮೇಷ್ಟ್ರು, "ಅಪರೂಪಕ್ಕೆ ಒಳ್ಳೇ ನೀರು ಬಂದಿದೆ, ಅದಕ್ಕೂ ಕಲ್ಲು ಹಾಕ್ತೀರಲ್ರೀ!" ಎಂದು ನಕ್ಕರು. ಯಂತ್ರವೇನೋ ಅಂದೇ ರಿಪೇರಿಯಾಯಿತು. ನಾನು ಮಾತ್ರ ವಾರವಿಡೀ ಮಗಳ ಹಣೆ ಮುಟ್ಟಿ, ಹೊಟ್ಟೆ ಒತ್ತಿ, ಅವಳು ಕೆಮ್ಮಿದರೂ ಬೆವರುತ್ತಿದ್ದೆ. ದೇವರು ದೊಡ್ಡವನು, ಅವಳಿಗಾಗಲಿ ಬೀದಿಯಲ್ಲಿ ಇನ್ನಾರಿಗಾಗಲಿ ಏನೂ ಆಗಲಿಲ್ಲ.

ನಮ್ಮ ಸ್ಯಾಂಪಲ್ಲುಗಳು ಪ್ರಯೋಗಾಲಯ ತಲುಪುವುದು ಹತ್ತು ಗಂಟೆಯ ಮೇಲೆ. ಊರು ಕಾಫಿ ಕುಡಿಯುವುದು ಆರಕ್ಕೆ. ನಡುವಿನ ಹೊತ್ತನ್ನು ಕಾದದ್ದು ಅತ್ತೆಯವರ ಮೂಗು. ಅವರು ದಿನವೂ ಗೊಣಗದಿದ್ದರೆ, ಗೊಣಗದ ಆ ಒಂದು ದಿನ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಗೊಣಗಾಟಕ್ಕೆ ನಾನು ಇಂದಿಗೂ ಋಣಿ. ಮಗಳಿಗೆ ಇನ್ನೇನೂ ಭಯವಿಲ್ಲ ಎನಿಸಿದ ಬೆಳಿಗ್ಗೆ ಅತ್ತೆ ಎಂದಿನಂತೆ ಲೋಟ ಮೂಸಿ, "ಅದೇ ದರಿದ್ರ ವಾಸ್ನೆ!" ಎಂದು ಮುಖ ಸಿಂಡರಿಸಿದರು. ನಾನು ತಡೆಯಲಾರದೆ ಅವರ ಕಾಲಿಗೆ ಬಿದ್ದೆ.

"ಕಾಲಿಗೆ ಬಿದ್ರೆ ವಾಸ್ನೆ ಹೋಯ್ತದೇನ್ರಪ್ಪ? ತಗಳಿ, ನೀವೇ ಕುಡೀರಿ ನೋಡಣ" ಎಂದು ಅತ್ತೆ ಲೋಟವನ್ನು ನನ್ನ ಕೈಗೇ ಕೊಟ್ಟರು. ಕಣ್ತುಂಬಿಕೊಂಡು ಒಂದೇ ಉಸಿರಿಗೆ ಕುಡಿದೆ. ನಿಜ ಹೇಳುತ್ತೇನೆ, ಬಾಯಿಗಿಡುವ ಹಾಗಿರಲಿಲ್ಲ.