ಯೇಸು ಇದ್ದದ್ದಕ್ಕೆ ದಾಖಲೆ ಎಲ್ಲಿ?

ನನ್ನ ಸೋದರಮಾವನಿಗೆ ತಾವು ಹುಟ್ಟಿದ್ದರ ಬಗ್ಗೆಯೇ ಅನುಮಾನವಿತ್ತು! ನಗಬೇಡಿ. ಬೂದಿಕೋಟೆಯ ನಮ್ಮಜ್ಜಿ, "ಯುಗಾದಿ ಮಾರನೇ ದಿನ ಉಟ್ದೋನು ಕಣ್ಲಾ ನೀನು" ಎಂದರೆ ಸಾಕು, "ದಾಖ್ಲೆ ಐತಾ?" ಎನ್ನುತ್ತಿದ್ದರು.

"ಎತ್ತೋಳೇ ಯೋಳ್ತಾ ಇವ್ನಿ, ಇನ್ನೇನ್ಲಾ ಬೇಕು?"

"ಅದೇ ಕಣವ್ವ ತೊಂದ್ರೆ. ನೀನು ನನ್ ಕಡೆಯೋಳು. ನಿನ್ ಸಾಕ್ಷಿ ನಡೆಯಲ್ಲ."

ಮಕ್ಕಳಿಗೆ ಚರಿತ್ರೆ ಪಾಠ ಹೇಳಿ ಹೇಳಿ ನಿವೃತ್ತರಾದ ಮೇಷ್ಟ್ರು. ಪಾಠ ನಿಂತರೂ ಪ್ರಶ್ನೆ ನಿಲ್ಲಬೇಕಲ್ಲ! ರಾಮನಿಂದ ಹಿಡಿದು ಊರಮುಂದಿನ ಮುನೇಶ್ವರನವರೆಗೆ ಎಲ್ಲರನ್ನೂ ವಿಚಾರಣೆಗೆ ನಿಲ್ಲಿಸಿ, ಊರಲ್ಲಿ ಮಾತಾಡುವವರೇ ಇಲ್ಲದಂತೆ ಮಾಡಿಕೊಂಡಿದ್ದರು.

ಅಷ್ಟರಲ್ಲಿ ನಾನು ಮದುವೆಯಾಗಿ ರಾಬರ್ಟ್‌ಸನ್‌ಪೇಟೆಗೆ ಬಂದೆ. ಚಿನ್ನದ ಗಣಿಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಪಕ್ಕದ ಮನೆಯಲ್ಲಿ ಗಣಿಯಲ್ಲಿ ಫಿಟ್ಟರ್ ಆಗಿದ್ದ ತಮಿಳು ಕ್ರೈಸ್ತರೊಬ್ಬರು, ಅವರ ಹೆಂಡತಿ. ಕ್ರಿಸ್‌ಮಸ್ಸಿಗೆ ಆ ಅಕ್ಕ ತಟ್ಟೆ ತುಂಬ ಕಲ್‌ಕಲ್ ಎಂಬ ಸಿಹಿ ಕುರುಕಲು ತಂದುಕೊಟ್ಟ ದಿನವೇ ಮಾವ ನನ್ನನ್ನು ನೋಡಲು ಬಂದಿರಬೇಕೆ?

"ಏನಮ್ಮಾ ಇಸೇಸ?" ಎಂದರು ಮಾವ, ಬಾಯಿಗೊಂದು ಹಿಡಿ ಸುರಿದುಕೊಂಡು.

"ಯೇಸುಸ್ವಾಮಿ ಹುಟ್ಟಿದ ಹಬ್ಬ, ಮೇಷ್ಟ್ರೇ."

"ಉಟ್ಟಿದ್ದಕ್ಕೆ ದಾಖ್ಲೆ?"

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಹಿಂದೆಯೇ ಬಂದ ಫಿಟ್ಟರಣ್ಣ ಮಾತ್ರ ಹಬ್ಬದ ಹೊಸ ಷರಟಿನ ತೋಳು ಮಡಿಸಿ ಎದುರಿಗೇ ಕೂತರು. "ಬೈಬಲಿನಲ್ಲಿ ನಾಲ್ಕು ಜನ ಬರೆದಿದಾರೆ."

"ಎಲ್ರೂ ಅವ್ನ ಕಡೆಯೋರೇ!"

"ರೋಮಿನವರೂ ಬರೆದಿದಾರೆ. ಯೇಸುಸ್ವಾಮಿಗೆ ಆಗದವರು."

"ನೋಡಿ ಬರದ್ರಾ? ಎಲ್ಲಾ ಆಮ್ಯಾಕೆ ಕೇಳಿ ಬರ್ದಿದ್ದು."

"ಮೇಷ್ಟ್ರೇ, ನಿಮ್ಮ ತಾತನ ತಾತ ಇದ್ದರಾ?"

"ಇಲ್ದೇ ನಾನೆಲ್ಲಿಂದ ಬಂದೆ?"

"ಯೇಸುಸ್ವಾಮಿ ಇಲ್ಲದೆ ನಮ್ಮ ಇಷ್ಟು ಚರ್ಚು ಎಲ್ಲಿಂದ ಬಂತು, ಕಡವುಳೇ!" ಎಂದು ತಮಿಳಿನಲ್ಲಿ ದೇವರನ್ನೇ ಕರೆದರು ಫಿಟ್ಟರಣ್ಣ.

ಮಾವ ಇನ್ನೊಂದು ಹಿಡಿ ಕಲ್‌ಕಲ್ ಬಾಚಿಕೊಂಡು ಹತ್ತಿರ ಸರಿದು ಕೂತರು. ಕಣ್ಣು ಹೊಳೆದವು ನೋಡಿ! ಜೋಡಿ ಸಿಕ್ಕಿತ್ತು.

ಅಂದಿನಿಂದ ಪ್ರತಿ ಶನಿವಾರ ಬೂದಿಕೋಟೆಯಿಂದ ಬಸ್ಸು, ಬಂಗಾರಪೇಟೆಯಿಂದ ರೈಲು. ರೈಲಿನಲ್ಲೂ ಸುಮ್ಮನಿರುತ್ತಿರಲಿಲ್ಲ. ಹುಣಸೆಹಣ್ಣು ಮಾರುವ ಹೆಂಗಸರನ್ನೇ ಪಂಚಾಯಿತಿಗೆ ಕೂರಿಸಿಕೊಂಡು ವಾದದ ತಾಲೀಮು. "ಇದ್ರೆ ನಿಂಗೇನ್ ನಷ್ಟ ಸಾಮಿ?" ಎಂದಳಂತೆ ಒಬ್ಬಳು. ಬಂದವರು ನಮ್ಮ ಮನೆಯೊಳಗೆ ಚೀಲ ಎಸೆದು ನೇರ ಪಕ್ಕದ ಜಗಲಿಗೆ. ಸೋದರಸೊಸೆಯನ್ನು ನೋಡಲು ಬರುವುದು ಎಂದು ಹೆಸರಷ್ಟೇ! ಅಕ್ಕ ಮಾವನನ್ನು 'ನಮ್ಮ ಸೈತಾನ್ ಮೇಷ್ಟ್ರು' ಎಂದು ಕರೆದು, ಅವರಿಗಾಗಿಯೇ ಖಾರ ಕಡಿಮೆ ಹಾಕಿ ಅಡಿಗೆ ಮಾಡುತ್ತಿದ್ದಳು.

ಹೀಗೆ ವರ್ಷಗಳೇ ಕಳೆದವು. ಒಂದು ಬೇಸಿಗೆಯಲ್ಲಿ ಅಕ್ಕ ಜ್ವರದಿಂದ ಮಲಗಿದವಳು ಏಳಲಿಲ್ಲ. ಫಿಟ್ಟರಣ್ಣ ಅಳಲೂ ಇಲ್ಲ, ಮಣ್ಣು ಮಾಡಿದ ಮೇಲೆ ಚರ್ಚಿನ ಕಡೆ ತಿರುಗಿಯೂ ನೋಡಲಿಲ್ಲ.

ಆ ಶನಿವಾರ ಮಾವ ಬಂದು ಜಗಲಿಯಲ್ಲಿ ಗೆಳೆಯನ ಪಕ್ಕ ಕೂತರು. ಈ ಸಲ ಫಿಟ್ಟರಣ್ಣನೇ ವಾದ ತೆಗೆದರು: "ನೀವೇ ಗೆದ್ರಿ ಮೇಷ್ಟ್ರೇ. ಅವನು ಇರಲೇ ಇಲ್ಲ. ಎಲ್ಲಾ ಕಟ್ಟುಕತೆ."

ಇಂಥ ಗೆಲುವಿಗೆ ಮಾವ ಕುಣಿಯಬೇಕಿತ್ತಲ್ಲವೆ? ಅವರು ಧಡಕ್ಕನೆ ಎದ್ದು ನಿಂತರು.

"ಯಾವನ್ರೀ ಯೋಳ್ದೋನು ಇಲ್ಲ ಅಂತ? ರೋಮಿನೋರು ಬರ್ದವ್ರಲ್ಲ, ಅವ್ರಿಗೇನ್ ಉಚ್ಚಾ? ಕತೆ ಕಟ್ಟೋರು ತಮ್ಮೋನು ಗೆದ್ದ ಅಂತ ಬರೀತಾರೆ. ಮೊಳೆ ಒಡುಸ್ಕೊಂಡ, ನೋವಿಗೆ ಕೂಗ್ದ, ದ್ಯಾವ್ರೇ ಯಾಕಪ್ಪಾ ಕೈಬಿಟ್ಟೆ ಅಂದ... ಇಂಗೆ ಯಾವನಾನ ಸುಳ್ ಬರೀತಾನಾ? ಇದ್ದ ಕಣಣ್ಣಾ. ಇದ್ದ. ಇದ್ದಿದ್ಕೇ ಅಂಗೆ ಕೂಗ್ದ."

ಫಿಟ್ಟರಣ್ಣ ಮುಖ ಮುಚ್ಚಿಕೊಂಡು, ಅಕ್ಕ ಹೋದ ಮೇಲೆ ಮೊದಲ ಸಲ, ಮಗುವಿನಂತೆ ಅತ್ತರು.

ಮಾವ ಆ ದಿನ ಊರಿಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆಯೇ ಎದ್ದು, ಒಗೆದ ಪಂಚೆ ಉಟ್ಟು, ನನ್ನನ್ನೂ ಹೊರಡಿಸಿಕೊಂಡು, ಫಿಟ್ಟರಣ್ಣನನ್ನು ಚರ್ಚಿಗೆ ಕರೆದೊಯ್ದರು. ತಮಿಳು ಹಾಡು ಶುರುವಾಗಿ ಎಲ್ಲರೂ ಎದ್ದರು. ಮಾವನೂ ಎದ್ದರು. ಹಾಡು ಬರದಿದ್ದರೂ, ಗೆಳೆಯನ ರಟ್ಟೆ ಹಿಡಿದುಕೊಂಡು ಕೊನೆಯವರೆಗೆ ತುಟಿ ಆಡಿಸಿದರು.